ಬಚ್ಚಲದ ಹಸಿ ನೆಲ

ಎದ್ದವನೇ ಅಮರ ನೆಲ ಮುಟ್ಟಿ ನೋಡಿದ. ಇನ್ನೂ ಮುಖ ತೊಳೆದಿರಲಿಲ್ಲ. ಬಾಗಿಲು ಕಿತ್ತಿಟ್ಟಿದ್ದ ಬಚ್ಚಲಿನ ಎದುರು ಕುಕ್ಕರಗಾಲಲ್ಲಿ ಕೂತು, ಗೌಂಡಿ ದಿಗಂಬರ ಹೋದ ವಾರ ಹಾಕಿಹೋದ ಸಿಮೆಂಟಿನ ಮೇಲೆ ಅಂಗೈ ಊರಿದ. ತಣ್ಣಗಿತ್ತು. ಒಳಗೆ ಇನ್ನೂ ಹಸಿ ಉಳಿದಿದೆಯೆಂದು ತಣ್ಣಗಿದೆಯೋ, ಬೆಳಗಿನ ಹೊತ್ತು ಎಲ್ಲರ ಮನೆಯ ನೆಲವೂ ತಣ್ಣಗೇ ಇರುತ್ತದೋ ತಿಳಿಯದೆ ಕೆನ್ನೆಯನ್ನೂ ಆನಿಸಿ ನೋಡುವ ಮನಸ್ಸಾಯಿತು. ಅಡಿಗೆಮನೆಯಿಂದ ಹೆಂಡತಿ ಪದ್ಮಶ್ರೀ ನೋಡುತ್ತಿದ್ದುದರಿಂದ ಬಿಟ್ಟುಬಿಟ್ಟ. ಇವತ್ತು ಈ ನೆಲದ ಮೇಲೆ ಶಾವರಿನ ಟ್ರೇ ಕೂರಬೇಕು. ಟ್ರೇ ಕೂತರೆ ಖಾನಾಪುರಕ್ಕೆ ಹೋಗಿ, ತಂಗಿ ಕಾಂತಾಳ ಮನೆಯಲ್ಲಿರುವ ಅಪ್ಪನನ್ನು ಕರೆದುಕೊಂಡು ಬರಬೇಕು. ಎರಡನೆಯದು ಮೊದಲನೆಯದಕ್ಕೆ ಹೀಗೆ ಗಂಟುಬಿದ್ದದ್ದು ಅವನೇ ಫೋನಿನಲ್ಲಿ ಆಡಿದ ಮಾತಿನಿಂದ. ಬಚ್ಚಲ ಆದ ದಿನವೇ ಬಂದು ಕರೆದುಕೊಂಡು ಹೋಗುತ್ತೇನೆ, ಹೊಸ ಬಚ್ಚಲದಲ್ಲೇ ನಿಮ್ಮ ಜಳಕ ಎಂದು ದೊಡ್ಡದಾಗಿ ಹೇಳಿದ್ದ. ಆ ಕಡೆಯಿಂದ ಅಪ್ಪ ಹೂಂ ಅಂದಿದ್ದ. ಆ ಹೂಂ ಒಪ್ಪಿಗೆಯೋ, ವ್ಯಂಗ್ಯವೋ, ಬರೀ ಕೆಮ್ಮೋ ಎಂದು ಅಮರ ಅಂದಿನಿಂದ ತೂಗಿ ನೋಡುತ್ತಿದ್ದ.

ಟ್ರೇ ಪಡಸಾಲೆಯ ಗೋಡೆಗೆ ಬೆನ್ನು ಕೊಟ್ಟು ನಿಂತಿತ್ತು. ಮೂರು ಅಡಿ ಉದ್ದ, ಮೂರು ಅಡಿ ಅಗಲ, ಹಾಲಿನಂಥ ಬಿಳುಪು, ಒಂದು ಮೂಲೆಗೆ ನೀರು ಹೋಗಲು ತೂತು. ಅಂಚು ಎಷ್ಟು ತಗ್ಗೆಂದರೆ ಕಾಲೆತ್ತಲಾಗದವನೂ ಕಾಲೆಳೆದುಕೊಂಡು ಒಳಗೆ ಹೋಗಬಹುದು. ಒಳಗೊಂದು ಸ್ಟೂಲು, ಗೋಡೆಗೊಂದು ಹಿಡಿಕೆ, ಎಡಗೈಗೆ ನಿಲುಕುವಂತೆ ಶಾವರು. ವಡಗಾವಿಯ ಆ ಓಣಿಯಲ್ಲಿ, ಎರಡೂ ಬದಿಗೆ ಮಗ್ಗಗಳು ಖಟಖಟ ಅನ್ನುವಲ್ಲಿ, ಇಂಥದು ಯಾರ ಮನೆಗೂ ಬಂದಿರಲಿಲ್ಲವಾದ್ದರಿಂದ ಜನ ಹೊಸ ಸೊಸೆಯನ್ನು ನೋಡಲು ಬಂದಂತೆ ಬಂದು ನೋಡಿ ಹೋದರು. ಎದುರುಮನೆಯ ಗೌರವ್ವ ಬೆರಳ ಗೆಣ್ಣಿನಿಂದ ಅದನ್ನು ತಟ್ಟಿ, ‘ಇದರಾಗ ನಿಮ್ಮಪ್ಪನ್ನ ಕುಂದರಸಾಂವೇನಪಾ? ನಾ ಶಾವಿಗಿ ಒಣಗಸಾಕ ತಂದೀ ಅಂತ ಮಾಡಿದ್ನಿ’ ಅಂದಳು. ಅಮರ ನಗದೆ ವಿವರಿಸಿದ. ಅಪ್ಪ ಎಲ್ಲೂ ಜಾರಬಾರದು, ಡಾಕ್ಟರರೂ ಅದನ್ನೇ ಹೇಳಿದ್ದಾರೆ, ಹಳೆಯ ಕರಿಕಲ್ಲಿನ ಫರಸಿ ಪಾಚಿಗಟ್ಟುತ್ತದೆ, ಇದರ ಮೈಮೇಲೆ ಕಾಲು ಹಿಡಿಯುವಂತೆ ಗೆರೆಗಳಿವೆ. ಕೇಳಿದವರಿಗೆಲ್ಲ ಇದನ್ನೇ ಹೇಳಿದ್ದ, ಕೇಳದವರಿಗೂ. ಆಫೀಸಿನಲ್ಲಿ ಯಾರೋ ಇಂಥ ಮಕ್ಕಳು ಈಗಿನ ಕಾಲದಲ್ಲಿ ಎಲ್ಲಿ ಸಿಗುತ್ತಾರೆ ಎಂದಾಗ ಅವನು ಕುಡಿಯುತ್ತಿದ್ದ ಚಹಾ ಅರ್ಧಕ್ಕೆ ಬಿಟ್ಟು ಎದ್ದುಹೋಗಿದ್ದ.

ಹೇಳಿದ್ದು ಸುಳ್ಳಲ್ಲ, ಆದರೆ ಪೂರಾ ಖರೆಯೂ ಅಲ್ಲ. ಲಕ್ವಾ ಅಪ್ಪನ ಬಲಗೈ ಬಲಗಾಲು ಎರಡನ್ನೂ ಒಯ್ದು ನಾಲಿಗೆಯನ್ನು ಮಾತ್ರ ಬಿಟ್ಟುಹೋಗಿತ್ತು. ಅಪ್ಪ ಬಸಲಿಂಗಪ್ಪನ ವಿಷಯದಲ್ಲಿ ದೇವರು ಲೆಕ್ಕ ತಪ್ಪಿದ ಎಂದು ಓಣಿಯವರು ಆಡಿಕೊಂಡರು. ಮಗ್ಗದಿಂದ ಇಳಿದ ಸೀರೆಯ ಮೇಲೆ ಬೆರಳಾಡಿಸಿ, ಕಣ್ಣು ಮುಚ್ಚಿಕೊಂಡೇ ತಪ್ಪಿದ ಎಳೆ ಹೇಳುತ್ತಿದ್ದ ಮನುಷ್ಯ. ಎಳೆ ಸಿಕ್ಕಮೇಲೆ ನೇಯ್ದವನ ಹಿಂದಿನ ಮೂರು ತಲೆಮಾರನ್ನು ಎಬ್ಬಿಸಿ ಮಾತಾಡಿಸಿ ಮಲಗಿಸುತ್ತಿದ್ದ. ಅಂಥ ನಾಲಿಗೆ ಬಚ್ಚಲಿನಲ್ಲಿ ಮಾತ್ರ ಏಳುತ್ತಿರಲಿಲ್ಲ. ಸೊಸೆ ಮಾವನ ಎದುರು ತಲೆಯ ಮೇಲಿನ ಸೆರಗು ಇಳಿಸದ ಮನೆ. ಹಾಗಾಗಿ ಜಳಕ ಮಾಡಿಸುವ ಕೆಲಸ ಮಗನಿಗೇ ಬಂತು. ಜಳಕವಿಲ್ಲದೆ ಲಿಂಗಪೂಜೆಯಿಲ್ಲ, ಪೂಜೆಯಿಲ್ಲದೆ ಬಾಯಿಗೆ ತುತ್ತಿಲ್ಲ, ಆದ್ದರಿಂದ ತಪ್ಪಿಸಿಕೊಳ್ಳುವುದಕ್ಕೆ ಒಂದು ದಿನವೂ ಇರಲಿಲ್ಲ. ಕಲ್ಲಿನ ಮೇಲೆ ಅಪ್ಪನನ್ನು ಕೂರಿಸಿ ಅಮರ ಗೋಡೆ ನೋಡುತ್ತ ನೀರು ಹಾಕುತ್ತಿದ್ದ. ಬೆನ್ನಿನ ತೊಗಲು ಬೆರಳಿಗೆ ಸಡಿಲವಾಗಿ ಹರಿದಾಡುತ್ತಿತ್ತು, ಒಳಗಿನ ಎಲುಬು ಬೇರೆ ಯಾರದೋ ಅನ್ನುವ ಹಾಗೆ. ಚಿಕ್ಕಂದಿನಲ್ಲಿ ಈ ಮೈಯನ್ನು ತಾನು ಮುಟ್ಟಿದ ನೆನಪೇ ಅವನಿಗಿಲ್ಲ. ಮುಟ್ಟಿದ್ದೆಲ್ಲ ಆ ಕೈ ಇವನನ್ನು, ಅದೂ ಹೆಚ್ಚಾಗಿ ಕೆನ್ನೆಯ ಮೇಲೆ. ಬಿಸಿಯಾಯಿತೇನು ಎಂದು ಕೇಳಿದರೆ ಉತ್ತರವಿಲ್ಲ. ತಣ್ಣಗಾಯಿತೇನು, ಉತ್ತರವಿಲ್ಲ. ಕೊನೆಗೆ ಸಾಕು ಎಂಬ ಒಂದು ಶಬ್ದ. ಎಲ್ಲದರಲ್ಲೂ ತಪ್ಪು ಹುಡುಕುವವನು ಇದರಲ್ಲಿ ಒಂದನ್ನೂ ಹೇಳದಿದ್ದ ಮೇಲೆ, ಹೇಳಿ ಮುಗಿಯದಷ್ಟು ತಪ್ಪು ಇರಲೇಬೇಕು. ಒಂದು ಬೆಳಿಗ್ಗೆ ಸಾಬೂನು ಹೋಗಿ ಅಪ್ಪನ ಕಣ್ಣು ಕೆಂಪಾಗಿ ನೀರು ಸುರಿಯಿತು. ಸಾಬೂನು ತೊಳೆದ ಮೇಲೂ ಸುರಿಯುತ್ತಿತ್ತು. ಅವತ್ತು ಆಫೀಸು ಬಿಟ್ಟವನೇ ಅಮರ ಅಂಗಡಿಗೆ ಹೋಗಿ ಟ್ರೇ ಗೊತ್ತುಮಾಡಿ ಬಂದ. ಅಪ್ಪ ಎಡಗೈಯಲ್ಲಿ ಶಾವರು ಹಿಡಿದು ತಾನೇ ಜಳಕ ಮಾಡಿಕೊಳ್ಳುತ್ತಾನೆ, ಅಮರ ಹೊರಗೆ ಪೇಪರು ಓದುತ್ತ ಕೂತಿರುತ್ತಾನೆ, ನಡುವೆ ಬಾಗಿಲು ಮುಚ್ಚಿರುತ್ತದೆ. ಈ ಚಿತ್ರದಲ್ಲಿ ಅವನಿಗೆ ಎಲ್ಲಕ್ಕಿಂತ ಹಿತವಾಗಿ ಕಂಡದ್ದು ಮುಚ್ಚಿದ ಬಾಗಿಲು.

ಹಳೆಯ ಫರಸಿ ಎತ್ತಿದ ದಿನ ಅದರಡಿ ಕುಣಿ ಸಿಕ್ಕಿತು. ಅಜ್ಜನ ಕಾಲದಲ್ಲಿ ಮನೆಯಲ್ಲಿ ಕುಣಿಮಗ್ಗವಿತ್ತು. ನೇಯುವವನು ಕಾಲು ಇಳಿಬಿಟ್ಟು ಕೂರುವ ಸೊಂಟದಾಳದ ಗುಂಡಿ. ಕರೆಂಟಿನ ಮಗ್ಗ ಬಂದ ಮೇಲೆ ಅಪ್ಪ ಆ ಗುಂಡಿ ಮುಚ್ಚಿಸಿ ಅದರ ಮೇಲೆ ಬಚ್ಚಲು ಕಟ್ಟಿಸಿದ್ದ. ಮುಚ್ಚಿದ್ದು ಕೈಗೆ ಸಿಕ್ಕಿದ್ದರಿಂದ: ಬೂದಿ, ಹಂಚಿನ ಚೂರು, ಮುರಿದ ಲಾಳಿ, ಚಿಂದಿ. ಇಷ್ಟು ವರ್ಷ ಈ ಮನೆಯವರೆಲ್ಲ ಜಳಕ ಮಾಡಿದ್ದು ಬೂದಿಯ ಮೇಲೆ. ದಿಗಂಬರ ಹಾರೆ ಊರಿದರೆ ಅದು ಯಾರೂ ಒತ್ತದೆ ತಾನಾಗಿ ಇಳಿದುಹೋಯಿತು. ಅಮರನಿಗೆ ಒಳಗೊಳಗೇ ಖುಷಿಯಾಯಿತು. ಅಪ್ಪನ ಕೆಲಸದಲ್ಲಿ ಮೊದಲ ಸಲ ಒಂದು ತಪ್ಪು ಸಿಕ್ಕಿತ್ತು, ಅದೂ ಸೊಂಟದಾಳದ್ದು. ಖುಷಿಯಾದದ್ದಕ್ಕೆ ನಾಚಿಕೆಯೂ ಆಯಿತು. ಆದರೂ ಸಂಜೆಯೊಳಗೆ ಪದ್ಮಶ್ರೀಗೆ ಮೇಲಿಂದ ಮೇಲೆ, ಗೌರವ್ವನಿಗೆ ಅವಳು ಬೇಡವೆಂದರೂ ಹೇಳಿಯಾಗಿತ್ತು. ಮನೆಯಲ್ಲಿ ಬಚ್ಚಲಿಲ್ಲವೆಂದು ಕಾಂತಾ ಬಂದು ಅಪ್ಪನನ್ನು ಕರೆದುಕೊಂಡು ಹೋದಳು. ದಿಗಂಬರ ಕುಣಿಯನ್ನು ಪೂರ್ತಿ ತೋಡಿ, ಕಲ್ಲು ತುಂಬಿ, ಸಂದಿಗೆ ಸಣ್ಣ ಜಲ್ಲಿಯ ಖಡಿ ಬಡಿದು, ಮೇಲೆ ಸಿಮೆಂಟು ಹಾಕಿ ಸಾಪುಮಾಡಿ ಹೋದ. ಅಂಗಡಿಯವನು ಹೇಳಿದ್ದಿಷ್ಟು: ಟ್ರೇಯ ಹೊಟ್ಟೆಗೆ ನೆಲ ಎಲ್ಲ ಕಡೆ ತಾಗಿರಬೇಕು; ಎಲ್ಲಾದರೂ ಪೊಳ್ಳು ಉಳಿದರೆ ಕೂತವರ ಭಾರಕ್ಕೆ ಅದು ಬಾಗಿ ಬಾಗಿ ಒಂದು ದಿನ ಸೀಳುತ್ತದೆ. ಸೀಳುತ್ತದೆ ಅನ್ನುವುದನ್ನು ಅವನು ಅಷ್ಟು ನಗುತ್ತ ಹೇಳಬಾರದಿತ್ತು. ಅಂದಿನಿಂದ ಕಣ್ಣು ಮುಚ್ಚಿದರೆ ಅಮರನಿಗೆ ಬಿಳಿಯ ಮೇಲೆ ಒಂದು ಸಣ್ಣ ಗೆರೆ ಓಡುವುದು ಕಾಣುತ್ತಿತ್ತು, ಗೆರೆಯ ಆಚೆಗೊಂದು ಈಚೆಗೊಂದು ಅಪ್ಪನ ಪಾದ.

ತಟ್ಟಿ ಕೇಳುವುದು ಅಮರನ ಕಸುಬು. ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಅವನು ತಪಾಸಣೆಯವನು. ಎರಕದ ಪಂಪಿನ ಭಾಗಗಳನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ, ಗಂಟೆಯಂತೆ ದನಿ ಬಂದದ್ದನ್ನು ಒಂದು ಕಡೆ, ಒಡಕು ಮಡಕೆಯಂತೆ ಬಂದದ್ದನ್ನು ಇನ್ನೊಂದು ಕಡೆ ಇಡಿಸುತ್ತಾನೆ. ಬೇಡವೆಂದದ್ದಕ್ಕೆ ಕೆಂಪು ಬಣ್ಣದ ಗೀಟು ಎಳೆಯುವಾಗ ಅವನಿಗೊಂದು ನೆಮ್ಮದಿ. ಒಳ್ಳೆಯದೆಂದು ಕಳಿಸಿದ್ದು ನಾಳೆ ಎಲ್ಲೋ ಒಡೆದು ಹೆಸರು ಕೆಡಿಸಬಹುದು. ಬೇಡವೆಂದದ್ದು ಎಂದೂ ತಿರುಗಿ ಬಂದು ಮಾತಾಡುವುದಿಲ್ಲ. ಆ ಸುತ್ತಿಗೆಯನ್ನೇ ಹಿಂದಿನ ದಿನ ಬ್ಯಾಗಿನಲ್ಲಿ ಹಾಕಿಕೊಂಡು ಬಂದಿದ್ದ. ತರುವಾಗ ಗೇಟಿನ ಕಾವಲುಗಾರ ಬ್ಯಾಗು ತಡವಿ ನೋಡಿ, ಇದೇನು ಸಾಹೇಬರೇ ಎಂದು ಕೇಳಿದ್ದ, ಇಪ್ಪತ್ತು ವರ್ಷದ ಸರ್ವಿಸಿನ ಅಮರ ಬಚ್ಚಲ ಸಲುವಾಗಿ ಎಂದು ಹೇಳಿ ಇನ್ನಷ್ಟು ಸಂಶಯಕ್ಕೆ ಗುರಿಯಾಗಿದ್ದ.

ದಿಗಂಬರ ಗುಂಜಿಯಿಂದ ಬೆಳಗಿನ ರೈಲಿಗೆ ಬಂದ. ತುಂಬು ಹೊಟ್ಟೆಯ, ಮಾತು ನಿಲ್ಲದ ಮನುಷ್ಯ. ತನ್ನನ್ನು ಹೊಗಳಿಕೊಳ್ಳುವುದು ಮರಾಠಿಯಲ್ಲಿ, ನೆಪ ಹೇಳುವುದು ಕನ್ನಡದಲ್ಲಿ. ಇಂಥ ಟ್ರೇಗಳನ್ನು ಗೋವಾದಲ್ಲಿ ಕಂಡಕಂಡಲ್ಲಿ ಕೂರಿಸಿದ್ದೇನೆ ಎಂದು ಮೊದಲ ದಿನ ಹೇಳಿದ್ದ. ಗೋವಾದಲ್ಲಿ ಎಲ್ಲಿ ಎಂದು ಅಮರ ಪ್ರತಿದಿನ ಕೇಳಿದ, ಪ್ರತಿದಿನ ಊರು ಬದಲಾಯಿತು. ಇವತ್ತು ನೆಲದ ಮೇಲೆ ಉದ್ದನೆಯ ಮಟ್ಟದ ಪಟ್ಟಿ ಇಟ್ಟ. ಗಾಜಿನೊಳಗಿನ ಗುಳ್ಳೆ ನಡುವೆ ಬಂದು ನಿಂತಿತು. ಅಡ್ಡಲಾಗಿ ಇಟ್ಟಾಗ ಸ್ವಲ್ಪ ಸರಿಯಿತು, ದಿಗಂಬರ ತನ್ನ ಮೊಣಕಾಲು ಸರಿಸಿದಂತೆ ಮಾಡಿ ಪಟ್ಟಿಯನ್ನೇ ಸರಿಸಿದ, ಅಮರ ನೋಡಿಯೂ ಸುಮ್ಮನಿದ್ದ. ಅಷ್ಟು ಟ್ರೇ ಕೂರಿಸುವ ಅಂಟಿನಲ್ಲಿ ಸರಿಹೋಗುತ್ತದೆ. ಆಮೇಲೆ ಅಮರ ಸುತ್ತಿಗೆ ಹಿಡಿದು ಕೂತ. ಬಾಗಿಲ ಬದಿಯಿಂದ ತಟ್ಟುತ್ತ ಹೋದ, ಗೇಣು ಗೇಣು ಅಂತರಕ್ಕೆ, ಕಿವಿ ನೆಲಕ್ಕೆ ಬಗ್ಗಿಸಿ. ಗಟ್ಟಿ. ಗಟ್ಟಿ. ನಡುವೆ, ಕುಣಿ ಇದ್ದಲ್ಲಿ, ಗಟ್ಟಿ. ನೀರಿನ ತೂತು ಬರುವ ಮೂಲೆಯಲ್ಲಿ ದನಿ ಸಣ್ಣಗೆ ಬೇರೆಯಾಯಿತು. ಹಿಂದಕ್ಕೆ ಬಂದು ತಟ್ಟಿದ, ಮತ್ತೆ ಮೂಲೆಗೆ ಹೋಗಿ ತಟ್ಟಿದ. ಓಣಿಯ ಮಗ್ಗಗಳು ಎಲ್ಲ ಒಟ್ಟಿಗೆ ಖಟಖಟ ಅನ್ನುತ್ತಿದ್ದವು. ಆ ಸದ್ದನ್ನು ಕಳೆದು ಉಳಿದದ್ದನ್ನು ಕೇಳಬೇಕು. ಉಳಿದದ್ದು ಮಡಕೆಯ ದನಿ. ಇಲ್ಲಿ ಪೊಳ್ಳಿದೆ ಎಂದ. ಅಲ್ಲಿ ಗೋಡೆ ಹತ್ತಿರ, ಕೇಳುವುದು ಗೋಡೆಯ ದನಿ ಎಂದ ದಿಗಂಬರ. ಅಮರ ಗೋಡೆ ತಟ್ಟಿ ತೋರಿಸಿದ. ದಿಗಂಬರ ಕರಣಿಯ ಹಿಡಿಯಿಂದ ತಾನೂ ಕುಟ್ಟಿ, ಕಣ್ಣು ಕಿರಿದುಮಾಡಿ ಕೇಳಿದ, ಅವನಿಗೂ ಖಾತ್ರಿಯಿರಲಿಲ್ಲ. ಪದ್ಮಶ್ರೀ ಬಂದು ನಿಂತು, ಒಡೆದರೆ ಇವತ್ತಿನ ಕೆಲಸ ಹೋಯಿತು, ಅಲ್ಲಿ ಮಾವನವರು ದಾರಿ ಕಾಯುತ್ತಾರೆ ಎಂದು ಮೆಲ್ಲಗೆ ನೆನಪು ಮಾಡಿದಳು. ಅದಕ್ಕೇ ಹೇಳುವುದು, ಕೂರುವವರು ಅವರು, ಸೀಳಿ ಬಿದ್ದರೆ ಯಾರು ಹೊಣೆ ಎಂದು ಅಮರ ದನಿ ಏರಿಸಿದ.

ದಿಗಂಬರ ಎದ್ದು ನಿಂತು ಸೊಂಟ ಹಿಂದಕ್ಕೆ ಬಗ್ಗಿಸಿದ. ‘ಬಘಾ, ನೋಡ್ರಿ ಸಾಹೇಬ್ರ, ಮನಿ ನಿಮ್ಮದು, ಕಿವಿ ನಿಮ್ಮದು. ನೀವು ಪೊಳ್ಳ ಅಂದ್ರ ಪೋಕಳ. ಒಡೀಲ್ಯಾ?’

‘ಒಡೀರಿ.’

ಆ ಒಂದು ಶಬ್ದ ಹೊರಬಿದ್ದಾಗ ಆದ ಹಗುರ ಅಮರನಿಗೆ ಪರಿಚಿತವಾದದ್ದು. ಕೆಂಪು ಗೀಟು ಎಳೆದಾಗ ಆಗುವಂಥದು. ಆದರೆ ಉಳಿ ನಾಟಲಿಲ್ಲ. ಮೂಲೆಯ ಸಿಮೆಂಟು ಕಿಡಿ ಹಾರಿಸಿತು. ದಿಗಂಬರ ಎರಡೂ ಕೈಯಿಂದ ಬಡಿದ, ಬೈದ, ಮತ್ತೆ ಬಡಿದ. ಅಂಗೈಯಗಲ ಎದ್ದ ಮೇಲೆ ಕೆಳಗೆ ಕಂಡದ್ದು ಇನ್ನೂ ಗಟ್ಟಿಯಾದ ಸಿಮೆಂಟು, ಅದರ ಕೆಳಗೆ ಕಲ್ಲು, ಕಲ್ಲಿನ ಸಂದಿಯಲ್ಲಿ ಬೆರಳು ಹೋಗದಂತೆ ಖಡಿ. ಇನ್ನೂ ಸ್ವಲ್ಪ ಆ ಕಡೆ ಇರಬಹುದು ಎಂದ ಅಮರ. ಆ ಕಡೆ ಒಡೆದರು. ಈ ಕಡೆ ಒಡೆದರು. ನಡುವಿನವರೆಗೂ ಬಿರುಕು ಓಡಿತು, ಮಟ್ಟದ ಪಟ್ಟಿ ಒಪ್ಪಿಕೊಂಡಿದ್ದ ನೆಲ ಒಡೆದ ಹಪ್ಪಳವಾಯಿತು, ಒಂದು ಇರುವೆ ಅಡಗುವಷ್ಟು ಪೊಳ್ಳು ಸಿಗಲಿಲ್ಲ. ದಿಗಂಬರನಿಗೆ ಸಿಟ್ಟಿಗಿಂತ ಆಶ್ಚರ್ಯವಾಗಿತ್ತು. ತನ್ನ ಕೆಲಸದ ತುಂಡೊಂದನ್ನು ಬೆಳಕಿಗೆ ಹಿಡಿದು ತಿರುಗಿಸಿ, ಎಂಥ ಮಾಲು ಕಲಸಿದ್ದೇನೆ ನೋಡಿರಿ ಎಂದು ಮರಾಠಿಯಲ್ಲಿ ಮೆಚ್ಚಿಕೊಂಡ. ಆಮೇಲೆ ಒಡೆದದ್ದನ್ನೆಲ್ಲ ಎತ್ತಿ ಹಾಕಿ, ಹೊಸದಾಗಿ ಸಿಮೆಂಟು ತುಂಬಿ, ಕಾಲಿಟ್ಟೀರಿ ಹುಷಾರು ಎಂದು ಬಾಗಿಲಿಗೆ ಅಡ್ಡ ಹಲಗೆ ಇಟ್ಟ. ಅಮರನಿಗೆ ಈಗ ಆ ಮೂಲೆಯ ದನಿ ಹೇಗಿತ್ತೆಂದು ನೆನಪು ಮಾಡಿಕೊಳ್ಳಲಾಗುತ್ತಿರಲಿಲ್ಲ. ಮಡಕೆಯದೇ ಆಗಿತ್ತು, ಅಥವಾ ಮಡಕೆಯದಾಗಿರಲಿ ಎಂದು ತಾನು ಕಾಯುತ್ತಿದ್ದ.

ದಿಗಂಬರ ಹಿತ್ತಲ ನಲ್ಲಿಯಲ್ಲಿ ಕೈ ತೊಳೆಯಲು ಹೋದಾಗ ಪದ್ಮಶ್ರೀ ಕಸಬರಿಗೆ ಹಿಡಿದು ಬಂದಳು. ಗುಡಿಸಲಿಲ್ಲ. ‘ಖರೇ ಹೇಳ್ರಿ,’ ಅಂದಳು, ‘ಈ ನೆಲಾ ಗಟ್ಟಿ ಆಗೂದು ನಿಮಗ ಬೇಕಾಗೇತೋ ಇಲ್ಲೋ?’

ಅಮರ ಧೂಳಿಗೆ ಕಣ್ಣುಜ್ಜಿಕೊಳ್ಳುತ್ತ, ಪಡಸಾಲೆಯ ಟ್ರೇ ಮೇಲೆ ಚಾದರ ಹೊದಿಸಬೇಕು, ಗೀರು ಬೀಳುತ್ತದೆ ಎಂದ. ಅವಳು ನಕ್ಕಿದ್ದರೆ ಆಗುತ್ತಿತ್ತು, ನಗಲಿಲ್ಲ. ಫೋನು ಮಾಡಿ ಹೇಳಿಬಿಡಿ ಎಂದಳು. ಇಂಥದನ್ನು ಫೋನಿನಲ್ಲಿ ಹೇಳಬಾರದು, ಎದುರಿಗೆ ಹೋಗಿ ಹೇಳಬೇಕು ಎಂದು ಕಾರಿನ ಕೀಲಿ ತೆಗೆದುಕೊಂಡ. ಎದುರಿಗೆ ಹೇಳುವುದು ದೊಡ್ಡತನದ ಹಾಗೆ ಕಂಡರೂ, ಫೋನು ಈಗಲೇ ಮಾಡಬೇಕಾಗುತ್ತದೆ, ಖಾನಾಪುರ ಮುಟ್ಟಲು ಹೊತ್ತು ಹಿಡಿಯುತ್ತದೆ ಎಂಬ ಲೆಕ್ಕ ಅದರ ಹಿಂದಿತ್ತು. ಕೀಲಿ ತಿರುವಿದಾಗ ಅಪ್ಪನಿಗೆಂದು ಬೆಳಿಗ್ಗೆಯೇ ಹಿಂದಿನ ಸೀಟಿನಲ್ಲಿ ಇಟ್ಟಿದ್ದ ದಿಂಬು ಕನ್ನಡಿಯಲ್ಲಿ ಕಂಡಿತು. ಅದನ್ನು ತೆಗೆದು ಒಳಗಿಟ್ಟು ಬರುವ ಧೈರ್ಯ ಆಗಲಿಲ್ಲ.

ಪಿರನವಾಡಿಯವರೆಗೆ ಅವನು ಖರೆಯನ್ನೇ ಅಭ್ಯಾಸ ಮಾಡಿದ. ನನ್ನ ಕಿವಿ ತಪ್ಪಿತು, ಗಟ್ಟಿ ನೆಲ ಒಡೆಸಿಬಿಟ್ಟೆ. ಮಚ್ಛೆ ದಾಟುವಷ್ಟರಲ್ಲಿ ಅದು ಗೌಂಡಿಯ ಕೈ ತಪ್ಪಿ ಒಡೆಯಿತು ಎಂದಾಯಿತು. ಲಾರಿಗಳ ಹಿಂದೆ ಸಿಕ್ಕಿ ತೆವಳುತ್ತಿದ್ದಾಗ ಗೌಂಡಿ ತಡವಾಗಿ ಬಂದ. ಖಾನಾಪುರದ ಹೊಳೆಯ ಸೇತುವೆ ಕಾಣುವ ಹೊತ್ತಿಗೆ ಅವನು ಬಂದೇ ಇರಲಿಲ್ಲ. ನಡುನಡುವೆ ಹೋದ ಭಾನುವಾರ ಬಂದು ಕಣ್ಣೆದುರು ನಿಲ್ಲುತ್ತಿತ್ತು. ಬಾಳೆಹಣ್ಣು ಹಿಡಿದು ಕಾಂತಾಳ ಮನೆಯ ಪಡಸಾಲೆಯಲ್ಲಿ ನಿಂತಿದ್ದಾನೆ, ಬಚ್ಚಲಿನಿಂದ ನಗು ಕೇಳುತ್ತಿದೆ. ಅಪ್ಪನ ನಗು. ಇವರು ಜಳಕ ಮಾಡಿಸುತ್ತಿದ್ದಾರೆ, ಕೂರು ಎಂದಳು ಕಾಂತಾ, ಅಡಿಗೆಮನೆಯಿಂದಲೇ, ಏನೂ ವಿಶೇಷವಲ್ಲ ಅನ್ನುವಂತೆ. ಅವಳ ಗಂಡ ಈರಣ್ಣ ಹಂಚಿನ ವ್ಯಾಪಾರದವನು, ಒಳ್ಳೆಯವನು. ಆದರೆ ಅಳಿಯ. ಬಂದರೆ ಕಾಲಿಗೆ ನೀರು ಕೊಟ್ಟು ಒಳಗೆ ಕರೆಯಬೇಕಾದ ಅಳಿಯ ಮಾವನ ತಲೆಯ ಮೇಲೆ ನೀರು ಹಾಕುವುದು ಯಾವ ಊರ ಪದ್ಧತಿ? ಹೀಗೆ ಪದ್ಧತಿಯ ಹೆಸರಿನಲ್ಲಿ ಸಿಟ್ಟಾದಾಗಲೂ ಅಮರನ ಮನಸ್ಸು ಬೇರೊಂದು ಪ್ರಶ್ನೆಯ ಸುತ್ತ ನೊಣದಂತೆ ತಿರುಗುತ್ತಿತ್ತು: ಅಲ್ಲಿ ನಗುವಂಥದೇನಿತ್ತು? ತನ್ನ ಕೈಕೆಳಗೆ ಒಂದು ದಿನವಾದರೂ ಕೆಮ್ಮದ ಮನುಷ್ಯ ಅಳಿಯನ ಕೈಯಲ್ಲಿ ನಗುತ್ತಾನೆ. ಈರಣ್ಣ ಮೊಣಕಾಲವರೆಗೆ ತೊಯ್ದು, ಮುಖ ಕೆಂಪಗೆ ಮಾಡಿಕೊಂಡು ಹೊರಗೆ ಬಂದ. ಅಮರ ಏನೂ ಕೇಳದೆ, ಬಾಳೆಹಣ್ಣಿನ ದರ ಏರಿದ ಬಗ್ಗೆ ಬಹಳ ಹೊತ್ತು ಮಾತಾಡಿ ಎದ್ದುಬಂದಿದ್ದ.

ಅಪ್ಪ ಕಾಂತಾಳ ಮನೆಯ ಮುಂದಿನ ಕಟ್ಟೆಯ ಮೇಲೆ ಗೋಡೆಗೆ ಆತು ಕೂತಿದ್ದ. ಬಟ್ಟೆಯ ಚೀಲ ಪಕ್ಕದಲ್ಲಿ, ಕೋಲು ತೊಡೆಯ ಮೇಲೆ. ಮುಖದಲ್ಲಿ ಏನೋ ಕಡಿಮೆಯಿದೆ ಎಂದು ಅಮರನಿಗೆ ಗೇಟಿನಿಂದಲೇ ಅನ್ನಿಸಿತು, ಏನೆಂದು ತಿಳಿದದ್ದು ಹತ್ತಿರ ಹೋದ ಮೇಲೆ. ಹಣೆ ಬರಿದಾಗಿತ್ತು. ವಿಭೂತಿಯಿಲ್ಲದ ಆ ಹಣೆಯನ್ನು ಅವನು ಹಗಲಿನಲ್ಲಿ ನೋಡಿದ್ದೇ ಇಲ್ಲ. ಎಷ್ಟು ಅಗಲ, ಎಷ್ಟು ಸುಕ್ಕು. ಪೂಜೆಯಾಗಿಲ್ಲ. ಅಂದರೆ ಜಳಕವಾಗಿಲ್ಲ. ಅಂದರೆ ಊಟವಾಗಿಲ್ಲ. ಬಿಸಿಲು ಕಟ್ಟೆಯ ಅರ್ಧಕ್ಕೆ ಬಂದಿತ್ತು. ಮುಂಜಾನೆ ಇವರು ನಂದಗಡಕ್ಕೆ ಹಂಚಿನ ಲೋಡು ಒಯ್ಯುವ ಮೊದಲು ನೀರು ಕಾಯಿಸಿ ಕರೆದರು, ಇವತ್ತು ನನ್ನ ಮನೆಯಲ್ಲೇ ಜಳಕ ಎಂದು ಅಪ್ಪ ಏಳಲಿಲ್ಲ, ಚಹಾ ಕೂಡ ಮುಟ್ಟಿಲ್ಲ ಎಂದು ಕಾಂತಾ ಹೇಳಿದಳು. ಹೇಳುವಾಗ ಅಣ್ಣನನ್ನು ನೋಡದೆ ಸೆರಗಿನ ತುದಿಯಿಂದ ಒಂದು ಒಣ ಪಾತ್ರೆಯನ್ನು ಒರೆಸಿ ಒರೆಸಿ ಹೊಳೆಯಿಸಿದಳು.

ಬಾಯಲ್ಲಿ ಸಿದ್ಧವಾಗಿದ್ದದ್ದು ಹೊರಗೆ ಬಂತು. ಗೌಂಡಿ ಇವತ್ತು ಬರಲೇ ಇಲ್ಲ ಎಂದ ಅಮರ. ಬರಲಿಲ್ಲವೇ ಎಂದು ಅಪ್ಪ ಕೇಳಿದ. ಕೇಳಿದ ರೀತಿ ಎಷ್ಟು ಸಾದಾ ಇತ್ತೆಂದರೆ ಇನ್ನೂ ಸ್ವಲ್ಪ ಸೇರಿಸಬೇಕಾಯಿತು: ರೈಲು ತಪ್ಪಿತಂತೆ, ಫೋನೂ ಎತ್ತುವುದಿಲ್ಲ, ಆ ಕಡೆಯ ಜನರೇ ಹಾಗೆ. ಅಪ್ಪ ಅವನ ಮುಖದಿಂದ ಕಣ್ಣು ಇಳಿಸಿ ಅಂಗಿಯ ತೋಳು, ಅಲ್ಲಿಂದ ಪ್ಯಾಂಟು, ಅಲ್ಲಿಂದ ಬೂಟಿನವರೆಗೆ ನಿಧಾನವಾಗಿ ನೋಡಿದ, ಮಗ್ಗದಿಂದ ಇಳಿದ ಅರಿವೆ ನೋಡಿದ ಹಾಗೆ. ಇನ್ನು ಇಲ್ಲೇ ಜಳಕ ಮಾಡಿಬಿಡಿ, ಹೊತ್ತಾಯಿತು, ಈರಣ್ಣ ಎಷ್ಟಕ್ಕೆ ಬರುತ್ತಾನೆ ಎಂದು ಅಮರ ಕೇಳಿದ. ಸಂಜೆಗೆ ಎಂದಳು ಕಾಂತಾ. ಸಂಜೆ ಬಹಳ ದೂರವಿತ್ತು. ರಸ್ತೆಯಲ್ಲಿ ಒಂದು ಬಸ್ಸು ಹೋಯಿತು, ಮೂವರೂ ಅದನ್ನು ಕೊನೆಯವರೆಗೂ ನೋಡಿದರು. ಆಮೇಲೆ ಕಾಂತಾ ಒಳಗೆ ಹೋಗಿ, ನೀರು ಕಾದಿದೆ ಎಂದು ಹೇಳುತ್ತ ಬಂದು ಒಂದು ಟಾವೆಲ್ಲನ್ನು ಅಣ್ಣನ ಹೆಗಲ ಮೇಲೆ ಹಾಕಿದಳು. ಯಾರೂ ಇಡದ ನೀರು ಇಷ್ಟು ಬೇಗ ಹೇಗೆ ಕಾಯಿತು ಎಂದು ಅವನಿಗೆ ಹೊಳೆಯಲಿಲ್ಲ.

ಅಲ್ಲಿಯ ಬಚ್ಚಲು ಹಳೆಯ ನಮೂನೆಯದು, ದಾಟಲು ಮೊಳಕಾಲೆತ್ತರದ ಕಟ್ಟೆ. ಅಪ್ಪನ ಸೊಂಟಕ್ಕೆ ಕೈಹಾಕಿ ಎತ್ತಿ ದಾಟಿಸಬೇಕಾಯಿತು. ಒಂದು ಕ್ಷಣ ಇಡೀ ಭಾರ ಎದೆಗೆ ಬಂತು. ಅವನು ಎಣಿಸಿದ್ದಕ್ಕಿಂತ ಕಡಿಮೆ ಇತ್ತು. ಮಣೆಯ ಮೇಲೆ ಕೂರಿಸಿ ಅಂಗಿ ಬಿಚ್ಚಿದ, ಧೋತರ ಬಿಚ್ಚಿ ಸೊಂಟಕ್ಕೆ ಟಾವೆಲ್ಲು ಸುತ್ತಿದ. ಎದೆಯ ಮೇಲಿನ ಬೆಳ್ಳಿಯ ಕರಡಿಗೆಯನ್ನು ಅಪ್ಪ ಎಡಗೈಯಲ್ಲಿ ಮುಚ್ಚಿ ಹಿಡಿದುಕೊಂಡ, ಒಳಗಿನ ಲಿಂಗಕ್ಕೆ ಚಳಿಯಾದೀತೆಂಬಂತೆ. ಬಲಗೈ ತೊಡೆಯ ಮೇಲೆ ಅಂಗಾತ ಬಿದ್ದಿತ್ತು. ಅಮರ ತಂಬಿಗೆ ಎತ್ತಿದ. ಕಣ್ಣು ಅಭ್ಯಾಸದಂತೆ ಗೋಡೆಗೆ ಹೋಯಿತು. ಇಲ್ಲಿಯ ಗೋಡೆಗೆ ಹೊಸ ಟೈಲ್ಸು ಹಚ್ಚಿದ್ದರು, ಒಂದರ ಮೇಲೂ ಕಲೆಯಿರಲಿಲ್ಲ, ನೋಡಲು ಏನೂ ಇರಲಿಲ್ಲ. ಮೊದಲ ತಂಬಿಗೆ, ಎರಡನೆಯದು. ನೀರು ಹರಿದುಹೋಗುವ ಸದ್ದು. ತಾನು ಹಾಕಿದ ನೀರಿನೊಡನೆ ತನ್ನದೇ ಕಾಲುಗಳಿಂದ ಬೂದುಬಣ್ಣದ ಎರಡು ಗೆರೆ ಹರಿದು ಮೋರಿಯ ಕಡೆ ಹೋಗುವುದನ್ನು ಅವನು ಆಗ ಕಂಡ. ಪ್ಯಾಂಟಿನ ಅಂಚಿನಲ್ಲಿ, ಬೆರಳ ಸಂದಿಯಲ್ಲಿ ಹತ್ತಿದ್ದ ಸಿಮೆಂಟು. ಅಪ್ಪನೂ ಅದನ್ನೇ ನೋಡುತ್ತಿದ್ದ.

‘ಗೌಂಡಿ ಬಂದಿದ್ನಿಲ್ಲೋ?’ ಎಂದ ಅಪ್ಪ.

‘ಬಂದಿದ್ದರಿ.’ ತಂಬಿಗೆ ಅರ್ಧದಲ್ಲಿ ನಿಂತಿತ್ತು. ‘ನೆಲಾ ಗಟ್ಟಿನ ಇತ್ತರಿ. ನಾನ ಪೊಳ್ಳ ಐತಿ ಅಂತ ಒಡಸಿದ್ನಿ.’

‘ಗೊತ್ತೈತಿ. ನಿನ್ನ ಹೆಂಡ್ತಿ ಆಗಽ ಕಾಂತಾಗ ಫೋನ್ ಮಾಡ್ಯಾಳ. ನೀ ಊರ ಬಿಡೂಕಿಂತ ಮೊದಲ.’

ಅಂದರೆ ಕಟ್ಟೆಯ ಮೇಲೆ ಚೀಲ ಇಟ್ಟುಕೊಂಡು ಕೂತಾಗಲೇ ಗೊತ್ತಿತ್ತು. ಇವತ್ತು ವಡಗಾವಿಗೆ ಹೋಗುವುದಿಲ್ಲ, ಅಲ್ಲಿ ಜಳಕವಿಲ್ಲ ಎಂದು ಗೊತ್ತಿದ್ದೂ ಈ ಮುದುಕ ಹಸಿದು ಕೂತಿದ್ದ. ರೈಲು ತಪ್ಪಿಸಿದ್ದು, ಫೋನು ಎತ್ತದ್ದು, ಆ ಕಡೆಯ ಜನ, ಎಲ್ಲವನ್ನೂ ಅಷ್ಟು ಹೊತ್ತು ಕೇಳಿಸಿಕೊಂಡಿದ್ದ. ಅಮರನಿಗೆ ಕಾಂತಾ, ಪದ್ಮಶ್ರೀ, ಒರೆಸಿದ್ದನ್ನೇ ಒರೆಸಿದ ಒಣ ಪಾತ್ರೆ, ತಾನಾಗಿ ಕಾದ ನೀರು ಒಂದರ ಹಿಂದೊಂದು ನೆನಪಾದವು. ಹಾಗಾದರೆ ಯಾಕೆ ಕಾದಿರಿ ಎಂದು ಕೇಳಲು ಬಾಯಿ ತೆರೆದ. ಅಪ್ಪ ಮೊದಲೇ ಮಾತಾಡಿದ, ಮೋರಿಯ ಕಡೆ ಮುಖ ಮಾಡಿ, ಬಚ್ಚಲಿನಲ್ಲಿ ಅಮರ ಅವನಿಂದ ಎಂದೂ ಕೇಳದಷ್ಟು ಉದ್ದಕ್ಕೆ.

‘ಈರಣ್ಣ ಕಣ್ಣ ಮುಚ್ಕೊಂಡ ನೀರ ಹಾಕ್ತಾನ. ಮಾವನ ಮೈ ನೋಡಬಾರದಂತ. ಹೋದ ಐತವಾರ ಒಂದ ತಂಬಗಿ ಪೂರಾ ಬಾಗಲಕ್ಕ ಹಾಕಿದ, ನನಗ ನಗಿ ತಡೀಲಿಲ್ಲ.’ ಮೋರಿಯಿಂದ ಮುಖ ಎತ್ತಿದ. ‘ಅಂವ ಕಣ್ಣ ಮುಚ್ತಾನ. ನೀ ಗ್ವಾಡಿ ನೋಡ್ತಿ. ನಾ ಎಲ್ಲಿ ನೋಡ್ಲಿ?’

ಅಮರ ಸಾಬೂನು ತೆಗೆದುಕೊಂಡು ಬೆನ್ನಿಗೆ ಹಚ್ಚಿದ. ಇನ್ನೂ ಜೋರಾಗಿ ತಿಕ್ಕು, ನಾನೇನು ರೇಶಿಮೆಯಲ್ಲ ಎಂದ ಅಪ್ಪ. ಜೋರಾಗಿ ತಿಕ್ಕಿದ. ಕೆಳಗೆ ತಿಕ್ಕು ಎಂದ, ಅಲ್ಲಲ್ಲ ಇನ್ನೂ ಕೆಳಗೆ, ಇಷ್ಟು ವರ್ಷವಾಯಿತು ಬೆನ್ನು ಎಲ್ಲಿದೆ ಎಂದು ತಿಳಿಯದೇ ಎಂದ. ತಪ್ಪುಗಳು ಒಂದೊಂದಾಗಿ ಹೊರಬರತೊಡಗಿದವು: ನೀರು ಬಿಸಿ, ಉಗುರು ಗೀರುತ್ತದೆ, ಕಿವಿಯ ಹಿಂದೆ ಯಾರು ತೊಳೆಯಬೇಕು. ಅಮರ ಹೂಂ ಹೂಂ ಅನ್ನುತ್ತ ಒಂದೊಂದನ್ನೂ ಸರಿಪಡಿಸಿದ. ಬಲಗೈಗೆ ಬಂದಾಗ ಅದನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು ಬೆರಳುಗಳನ್ನು ಬಿಡಿಸಿ ತೊಳೆದ. ಅಪ್ಪ ಆ ಕೈಯನ್ನೇ ನೋಡುತ್ತಿದ್ದ.

‘ನೆಲಾ ಒಣಗಾಕ ಇನ್ನ ಎಷ್ಟ ದಿನಾ ಬೇಕಂತ?’ ಎಂದು ಕೇಳಿದ, ಕೈ ತೊಳೆದು ಮುಗಿದ ಮೇಲೆ.

ಹಿತ್ತಲ ನಲ್ಲಿಯಲ್ಲಿ ಮೊಣಕೈ ತೊಳೆದುಕೊಳ್ಳುತ್ತ ದಿಗಂಬರ ನಾಲ್ಕು ದಿನ ಎಂದಿದ್ದ. ನಾಲ್ಕು ದಿನ ಬಿಟ್ಟು ಆನೆ ತಂದು ನಿಲ್ಲಿಸಿರಿ ಎಂದಿದ್ದ.

‘ಹದಿನೈದ ದಿನಾ ಬೇಕಂತರಿ.’

‘ಹದಿನೈದ.’ ಅಪ್ಪ ಕರಡಿಗೆಯ ಮೇಲಿನ ನೀರನ್ನು ಹೆಬ್ಬೆರಳಿನಿಂದ ಒರೆಸಿದ. ‘ಅಲ್ಲೀತನಾ ಜಳಕಕ್ಕ ಈರಣ್ಣಗ ಹೇಳೂದಿಲ್ಲ ನಾ. ಅಳಿಯಾ ಅಂವ.’

‘ನಾ ಬರ್ತೀನ್ರಿ. ಡ್ಯೂಟಿಗೆ ಹೋಗೂಕಿಂತ ಮೊದಲ.’

‘ದಿನಾ?’

‘ದಿನಾ.’

ಸಾಬೂನು ಆರುತ್ತಿದೆ, ನೀರು ಹಾಕು ಎಂದ ಅಪ್ಪ. ಅಮರ ತಂಬಿಗೆ ಮುಳುಗಿಸಿ ತುಂಬಿದ. ಎಲ್ಲಿ ನೋಡಬೇಕೆಂದು ಇನ್ನೂ ಗೊತ್ತಿರಲಿಲ್ಲ. ನೀರು ಬೀಳುವ ಕಡೆ ನೋಡುತ್ತ ಹಾಕಿದ.